ಎಲೆ ಕಾಣುತ್ತದೆ, ಕಾಳು ಕಾಣುವುದಿಲ್ಲ: ಉಪಗ್ರಹ ಚಿತ್ರದಿಂದ ಇಳುವರಿ ಅಂದಾಜು ಮಾಡಿದ ಅನುಭವ

ಉಪಗ್ರಹಕ್ಕೆ ಕಾಳು ಕಾಣುವುದಿಲ್ಲ. ಈ ಕೆಲಸದ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವ ಮಾತು ಇದು. ಯುರೋಪಿನ ಸೆಂಟಿನೆಲ್-2 ಉಪಗ್ರಹ 786 ಕಿಲೋಮೀಟರ್ ಎತ್ತರದಿಂದ ನೋಡುವುದು ಎಲೆಯ ಮೇಲೆ ಬಿದ್ದು ವಾಪಸ್ ಹೋಗುವ ಬೆಳಕನ್ನು ಮಾತ್ರ. ತೆನೆಯಲ್ಲಿ ಕಾಳು ತುಂಬಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಎಲೆಯಿಂದ ಕಾಳಿನವರೆಗಿನ ದಾರಿಯನ್ನು ನಾವೇ ಹುಡುಕಬೇಕು. ಉದಾಹರಣೆಗಳಿಂದ ಕಂಪ್ಯೂಟರ್ ತಾನೇ ಕಲಿಯುವ ಮಷೀನ್ ಲರ್ನಿಂಗ್ ಬೇಕಾಗುವುದು ಅಲ್ಲಿ.

ನಮ್ಮದು ಸಣ್ಣ ತಂಡ. ಮಳೆಯನ್ನೇ ನಂಬಿ ಮೆಕ್ಕೆಜೋಳ ಬೆಳೆಯುವ ಒಂದು ಪ್ರದೇಶಕ್ಕೆ, ಕಟಾವಿಗೆ ಮೊದಲೇ ಇಳುವರಿ ಅಂದಾಜು ಮಾಡಿಕೊಡುವ ಕೆಲಸ ಬಂತು. ಹೆಕ್ಟೇರಿಗೆ ಎಷ್ಟು ಕಿಲೋ ಕಾಳು ಬರುತ್ತದೆ, ಎಲ್ಲಿ ಬೆಳೆ ಕೈಕೊಟ್ಟಿದೆ, ಎಷ್ಟರಮಟ್ಟಿಗೆ ಕೈಕೊಟ್ಟಿದೆ ಅಂತ ಹೇಳಬೇಕು. ಈ ಅಂಕಿ ನೋಡಿಕೊಂಡೇ ಬೆಳೆ ನಷ್ಟದ ಪರಿಹಾರ ತೀರ್ಮಾನವಾಗುವ ಸಾಧ್ಯತೆ ಇತ್ತು. ಹೋದ ಬೆಳೆಯನ್ನು ನಾವು ‘ಪರವಾಗಿಲ್ಲ’ ಅಂದುಬಿಟ್ಟರೆ ಒಬ್ಬ ರೈತನಿಗೆ ಬರಬೇಕಾದ ದುಡ್ಡು ಬರುವುದಿಲ್ಲ. ಇಡೀ ಕೆಲಸದಲ್ಲಿ ನನ್ನ ತಲೆಯಲ್ಲಿ ಇದೇ ಕೂತಿತ್ತು.

ಈ ಯೋಚನೆ ಹೊಸದೇನಲ್ಲ. ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರ ಜುಲೈನಲ್ಲಿ. ಎರಡೇ ವರ್ಷಕ್ಕೆ, 1974ರಲ್ಲಿ, ಅಮೆರಿಕದ ಕೃಷಿ ಇಲಾಖೆ, ನಾಸಾ ಮತ್ತು ಹವಾಮಾನ-ಸಾಗರ ಸಂಸ್ಥೆ ನೋವಾ ಸೇರಿ ಲೇಸಿ ಎಂಬ ಪ್ರಯೋಗ ಶುರು ಮಾಡಿದವು. ಬೇರೆ ದೇಶಗಳ ಗೋಧಿ ಬೆಳೆಯನ್ನೂ ಆಕಾಶದಿಂದಲೇ ಅಂದಾಜು ಮಾಡಬಹುದಾ ಅಂತ ನೋಡುವುದು ಅದರ ಉದ್ದೇಶ. 1977ರಲ್ಲಿ ಸೋವಿಯತ್ ಒಕ್ಕೂಟದ ಗೋಧಿ ನಿರೀಕ್ಷೆಗಿಂತ ಕಮ್ಮಿ ಬರುತ್ತದೆ ಎಂದು ಅದು ಮುಂಚೆಯೇ ಹೇಳಿತ್ತು. ಆಗಿನ ಒಂದು ಪಿಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಚೌಕ, ನೆಲದ ಮೇಲೆ ಸುಮಾರು 80 ಮೀಟರ್. ದೊಡ್ಡ ಗೋಧಿ ಬಯಲಿಗೆ ಅಷ್ಟು ಸಾಕು, ಸಣ್ಣ ಹಿಡುವಳಿಗೆ ಸಾಲದು. 2015ರಲ್ಲಿ ಸೆಂಟಿನೆಲ್-2ರ ಮೊದಲ ಉಪಗ್ರಹ, 2017ರಲ್ಲಿ ಎರಡನೆಯದು ಹಾರಿದ ಮೇಲೆ ನಮ್ಮಂಥವರಿಗೂ ದಾರಿ ಸಿಕ್ಕಿತು. 10 ಮೀಟರ್ ಪಿಕ್ಸೆಲ್, ಎರಡೂ ಸೇರಿ ಐದು ದಿನಕ್ಕೊಂದು ಚಿತ್ರ, 13 ಬ್ಯಾಂಡ್ (ಬೇರೆ ಬೇರೆ ಬಗೆಯ ಬೆಳಕಿನ ಪಟ್ಟಿ), ಎಲ್ಲವೂ ಉಚಿತ.

ಗಿಡ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ಬರುವ ಹಸಿರಿನ ಅಳತೆಯೇ ಎನ್‌ಡಿವಿಐ. ಬಿದ್ದ ಬೆಳಕನ್ನು 1 ಅಂತ ಇಟ್ಟುಕೊಂಡು, ಬರಿ ಮಣ್ಣಿನಲ್ಲಿ ವಾಪಸ್ ಬರುವ ಕೆಂಪು 0.20, ಇನ್‌ಫ್ರಾರೆಡ್ 0.26 ಇದೆ ಅಂದುಕೊಳ್ಳಿ, ಎನ್‌ಡಿವಿಐ 0.13 ಬರುತ್ತದೆ. ಸಾಲು ಮುಚ್ಚಿ ಬೆಳೆದ ಮೆಕ್ಕೆಜೋಳದಲ್ಲಿ 0.04 ಮತ್ತು 0.44 ಇದ್ದರೆ 0.83. ಬಿತ್ತನೆಯಿಂದ ಕಟಾವಿನವರೆಗೆ ಈ ಅಂಕಿ ಹತ್ತಿ ಇಳಿಯುವ ಗೆರೆಯೇ ಆ ಹೊಲದ ಹಂಗಾಮಿನ ಕಥೆ.

ಇದೇ ಜಾಗದಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಈ ಡೇಟಾ ಮುಟ್ಟುವವರಿಗೆಲ್ಲ ಬೇಕಾಗುತ್ತದೆ. 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳಲ್ಲಿ 10,000 ಪಟ್ಟು ಮಾಡಿ ಇಡುವ ಈ ಬೆಳಕಿನ ಅಂಕಿಗಳಿಗೆ 1000 ಸೇರಿಸಿ ಕೊಡುತ್ತಿದ್ದಾರೆ. ಮೊದಲು ಅದನ್ನು ಕಳೆದು, ಆಮೇಲೆ 10,000ದಿಂದ ಭಾಗಿಸಬೇಕು. ಕಳೆಯದಿದ್ದರೆ ಮೇಲೆ ಹೇಳಿದ ಅದೇ ಹೊಲ 0.83ರ ಬದಲು 0.59 ತೋರಿಸುತ್ತದೆ. ಬೆಳೆ ಚೆನ್ನಾಗಿಯೇ ಇದ್ದರೂ 2021ರ ಪಕ್ಕದಲ್ಲಿ 2022 ಬರಗಾಲದ ವರ್ಷದಂತೆ ಕಾಣುತ್ತದೆ. ಉಪಗ್ರಹ ಚಿತ್ರಗಳನ್ನು ಆನ್‌ಲೈನ್‌ನಲ್ಲೇ ಬಳಸಲು ಕೊಡುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಇದನ್ನು ಸರಿಪಡಿಸಿ ಇಟ್ಟ ಸಂಗ್ರಹ ಬೇರೆಯೇ ಇದೆ, ನಾವು ಅದನ್ನೇ ಬಳಸಿದೆವು.

ಮೋಡದ ವಿಷಯ ಜಾಸ್ತಿ ಬೆಳೆಸುವುದಿಲ್ಲ. ಮಳೆಗಾಲದ ಬೆಳೆ ಅಂದಮೇಲೆ ಮೋಡ ಇದ್ದೇ ಇರುತ್ತದೆ. ದಪ್ಪ ಮೋಡವನ್ನು ಚಿತ್ರದ ಜೊತೆ ಬರುವ, ಯಾವ ಪಿಕ್ಸೆಲ್ ಮೋಡ ಯಾವುದು ನೆಲ ಅಂತ ಗುರುತು ಹಾಕಿದ ವರ್ಗೀಕರಣದ ಪದರವೇ ಹಿಡಿದುಕೊಡುತ್ತದೆ. ತೆಳು ಮೋಡ ಮತ್ತು ಮೋಡದ ನೆರಳು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತವೆ. ಅದಕ್ಕೆ ಗುರುತಾದ ಮೋಡದ ಅಂಚಿನಿಂದ ಇನ್ನಷ್ಟು ದೂರದವರೆಗೆ ಪಿಕ್ಸೆಲ್ ಕೈಬಿಟ್ಟೆವು. ಉಳಿದ ಖಾಲಿ ಜಾಗಕ್ಕೆ ಸೆಂಟಿನೆಲ್-1 ರೇಡಾರ್. ಅದರ ಅಲೆ ಸುಮಾರು 5.6 ಸೆಂಟಿಮೀಟರ್ ಉದ್ದ, ಮೋಡವನ್ನು ದಾಟಿ ಬರುತ್ತದೆ. ಬೆಳೆಯ ಹಸಿರು ಅದಕ್ಕೆ ತಿಳಿಯದು, ಆದರೆ ಗಿಡದ ದಟ್ಟಣೆ ಮತ್ತು ನೀರಿನಂಶ ಏರಿಳಿದಾಗ ಸುಳಿವು ಕೊಡುತ್ತದೆ.

ಇದೆಲ್ಲ ಕಂಪ್ಯೂಟರ್ ಮುಂದೆ ಕೂತು ಮಾಡಬಹುದಾದ ಕೆಲಸ. ನಿಜವಾದ ಕೆಲಸ ಇರುವುದು ಹೊಲದಲ್ಲಿ. ಮಾಡೆಲ್‌ಗೆ (ಅಂದರೆ ಅಂದಾಜು ಹೇಳುವ ಪ್ರೋಗ್ರಾಮಿಗೆ) ಕಲಿಸಬೇಕಾದರೆ ‘ಇಂಥ ಗೆರೆ ಇದ್ದ ಹೊಲದಲ್ಲಿ ಇಷ್ಟು ಕಾಳು ಬಂತು’ ಅಂತ ಉದಾಹರಣೆ ಕೊಡಬೇಕು. ಆ ‘ಇಷ್ಟು ಕಾಳು’ ಎಲ್ಲಿಂದ ಬರುತ್ತದೆ? ಯಾರೋ ಒಬ್ಬರು ಹೊಲಕ್ಕೆ ಹೋಗಿ, ಅಳತೆ ಮಾಡಿ, ಕೊಯ್ದು, ಒಣಗಿಸಿ, ತೂಗಿ ತರಬೇಕು.

ನಮ್ಮಲ್ಲಿ ಅದನ್ನು ಹೀಗೆ ಮಾಡಿದೆವು. ಹೊಲದ ಒಂದು ಮೂಲೆಯಿಂದ ಉದ್ದಕ್ಕೆ ಎಷ್ಟು ಹೆಜ್ಜೆ, ಅಡ್ಡಕ್ಕೆ ಎಷ್ಟು ಹೆಜ್ಜೆ ಅಂತ ಮೊದಲೇ ಚೀಟಿಯಲ್ಲಿ ಬರೆದಿರುತ್ತದೆ. ಅಷ್ಟು ನಡೆದು ನಿಂತಲ್ಲೇ ಗೂಟ ಹೊಡೆಯಬೇಕು. ಜಾಗ ನಾವು ಆರಿಸುವ ಹಾಗಿಲ್ಲ. ಆರಿಸಲು ಬಿಟ್ಟರೆ ಎಂಥವರಿಗೂ ಕಣ್ಣು ಬೆಳೆ ಚೆನ್ನಾಗಿರುವ ಕಡೆಗೇ ಹೋಗುತ್ತದೆ. ಆ ಗೂಟದಿಂದ 5 ಮೀಟರ್‌ಗೆ 5 ಮೀಟರ್ ಚೌಕ. ದಾರ ಕಟ್ಟಿದ ಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಬೇಕು, 7.07 ಮೀಟರ್ ಬರಬೇಕು. ಬರಲಿಲ್ಲ ಅಂದರೆ ಚೌಕ ವಾರೆಯಾಗಿದೆ ಅಂತ ಅರ್ಥ. ಒಂದು ಬದಿ 20 ಸೆಂಟಿಮೀಟರ್ ಜಾಸ್ತಿಯಾದರೂ ಕ್ಷೇತ್ರ ನೂರಕ್ಕೆ ನಾಲ್ಕು ಹೆಚ್ಚುತ್ತದೆ. ದಾರದ ಮೇಲೆಯೇ ನಿಂತ ಗಿಡಗಳದ್ದು ದೊಡ್ಡ ತಕರಾರು. ಬುಡ ಒಳಗಿದ್ದರೆ ಲೆಕ್ಕಕ್ಕೆ, ಹೊರಗಿದ್ದರೆ ಇಲ್ಲ. ತೆನೆ ಒಳಕ್ಕೆ ಬಾಗಿದ್ದರೂ ಇಲ್ಲ.

ಆಮೇಲೆ ತೇವಾಂಶ. ಕೊಯ್ದ ದಿನದ ಹಸಿ ತೂಕ ಯಾವ ಕೆಲಸಕ್ಕೂ ಬಾರದು. ಚೌಕದಿಂದ ಸುಲಿದ ಕಾಳು 10 ಕಿಲೋ ಇದ್ದು, ತೇವಾಂಶ ನೂರಕ್ಕೆ 22 ಇದೆ ಅಂದುಕೊಳ್ಳಿ. ಅದನ್ನು 14ರ ಮಟ್ಟಕ್ಕೆ ತಂದರೆ 9.07 ಕಿಲೋ. ಒಂದು ಹೆಕ್ಟೇರಿನಲ್ಲಿ ಇಂಥ 400 ಚೌಕ. ಅಂದರೆ ಹೆಕ್ಟೇರಿಗೆ ಸುಮಾರು 3,630 ಕಿಲೋ. ತೇವಾಂಶ ನೋಡದೆ ಬರೆದಿದ್ದರೆ 4,000 ಆಗುತ್ತಿತ್ತು. ತೇವಾಂಶ ಅಳೆಯುವ ಮೀಟರ್ ಹಿಡಿದು ನೋಡುವ ಕೆಲಸ ಬಿಟ್ಟಿದ್ದಕ್ಕೆ ಮೂರೂವರೆ ಕ್ವಿಂಟಲ್‌ಗೂ ಜಾಸ್ತಿ ವ್ಯತ್ಯಾಸ! ಇಂಥ ಅಂಕಿಯ ಮೇಲೆ ಎಷ್ಟು ಒಳ್ಳೆಯ ಮಾಡೆಲ್ ಕಟ್ಟಿದರೂ ಅದು ಈ ತಪ್ಪನ್ನೇ ಕಲಿಯುತ್ತದೆ.

ತೂಗಿದ ಚೌಕವನ್ನು ಪಿಕ್ಸೆಲ್ ಜೊತೆ ಹೊಂದಿಸುವುದು ಇನ್ನೊಂದು ಕಷ್ಟ. ಚೌಕ 25 ಚದರ ಮೀಟರ್, ಪಿಕ್ಸೆಲ್ 100 ಚದರ ಮೀಟರ್. ಮೊಬೈಲ್ ಜಿಪಿಎಸ್ ಬಯಲಲ್ಲೂ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಹಾಗಾಗಿ ಒಂದು ಚೌಕಕ್ಕೆ ಒಂದು ಪಿಕ್ಸೆಲ್ ಅಂತ ಅಂಟಿಸಲು ಹೋಗಲಿಲ್ಲ. ಹೊಲದ ಸುತ್ತ ನಡೆದು ಗಡಿ ಗುರುತಿಸಿಕೊಂಡೆವು, ಒಂದೇ ಹೊಲದಲ್ಲಿ ಒಂದಕ್ಕಿಂತ ಜಾಸ್ತಿ ಚೌಕ ಕೊಯ್ದೆವು, ಅವುಗಳ ಸರಾಸರಿಯನ್ನು ಹೊಲದ ಒಳಗಿನ ಪಿಕ್ಸೆಲ್‌ಗಳ ಸರಾಸರಿ ಜೊತೆ ಹೊಂದಿಸಿದೆವು. ಬದುವಿನ ಪಿಕ್ಸೆಲ್ ಬೇಡ, ಅದರಲ್ಲಿ ಮರದ ನೆರಳು, ಹುಲ್ಲು, ಪಕ್ಕದ ಬೆಳೆ ಎಲ್ಲ ಸೇರಿರುತ್ತದೆ. ಆದರೆ ಇದಕ್ಕೂ ಬೆಲೆ ತೆರಬೇಕು. 40 ಮೀಟರ್‌ಗೆ 50 ಮೀಟರ್ ಹೊಲದಲ್ಲಿ ಹೆಚ್ಚೆಂದರೆ 20 ಪಿಕ್ಸೆಲ್ ಕೂರುತ್ತವೆ. ಸುತ್ತಲೂ ಒಂದೊಂದು ಸಾಲು ತೆಗೆದರೆ ಉಳಿಯುವುದು ಆರೇ ಆರು. ಅದಕ್ಕಿಂತ ಚಿಕ್ಕ ಹೊಲಗಳನ್ನು ಕಲಿಕೆಯಿಂದ ಬಿಡಬೇಕಾಯಿತು. ಸಣ್ಣ ರೈತರ ಹೊಲವೇ ಹೀಗೆ ಹೊರಗುಳಿಯುವುದು ನನಗೆ ಇವತ್ತಿಗೂ ಬೇಜಾರು.

ಆ ಹಂಗಾಮಿನಲ್ಲಿ ನೋಡಿದ ಎರಡು ಹೊಲಗಳ ಬಗ್ಗೆ ಹೇಳಲೇಬೇಕು. ಅಕ್ಕಪಕ್ಕದ ಹೊಲಗಳು. ಎನ್‌ಡಿವಿಐ ಗೆರೆ ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ಹೋಗಿತ್ತು. ಹೋಗಿ ನೋಡಿದರೆ ಎರಡೂ ಕಡೆ ಆಳೆತ್ತರದ ಹಸಿರು ಗಿಡ. ಒಂದರಲ್ಲಿ ತೆನೆ ಸುಲಿದರೆ ತುದಿಯವರೆಗೂ ಒತ್ತಾಗಿ ಕಾಳು. ಇನ್ನೊಂದರಲ್ಲಿ ಸುಲಿದಾಗ ಅಲ್ಲೊಂದು ಇಲ್ಲೊಂದು ಕಾಳು, ಮಧ್ಯೆ ಬರಿ ದಿಂಡು. ತುದಿಯ ಕಡೆಯಂತೂ ಪೂರ್ತಿ ಬೋಳು. ಆ ಹೊಲದ ಯಜಮಾನರು ನನ್ನ ಕೈಲಿದ್ದ ತೆನೆ ನೋಡಿ, “ಗಿಡ ನೋಡಿ ಲೆಕ್ಕ ಹಾಕಬೇಡಿ ನೀವು, ಸುಲಿದು ನೋಡಿ” ಅಂದರು. ಏನಾಯಿತು ಅಂತ ಕೇಳಿದೆ. “ಸೂಲಂಗಿ ಬಂದ ಹೊತ್ತಿಗೆ ಸರಿಯಾಗಿ ಮಳೆ ನಿಂತುಹೋಯ್ತು. ಬಿಸಿಲು ಅಂದ್ರೆ ಬಿಸಿಲು. ಪಕ್ಕದವರು ಮುಂಚೆ ಬಿತ್ತಿದ್ರು, ಅವರದ್ದು ತಪ್ಪಿಸಿಕೊಳ್ತು.”

ಅವರು ಹೇಳಿದ್ದು ಅಕ್ಷರಶಃ ಸರಿ. ಮೆಕ್ಕೆಜೋಳದಲ್ಲಿ ಪ್ರತಿ ಕಾಳಿಗೂ ಒಂದೊಂದು ರೇಷ್ಮೆ ಎಳೆ. ಗಿಡದ ತುದಿಯ ಗಂಡು ಹೂವಾದ ಸೂಲಂಗಿಯ ಪರಾಗ ಆ ಎಳೆಗೆ ತಾಗಿದರೇ ಕಾಳು. ನೀರಿನ ಕೊರತೆ ಆದಾಗ ಎಳೆ ಹೊರಬರುವುದು ತಡವಾಗುತ್ತದೆ, ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಬಿಸಿಲಿನ ತಾಪ ಮಿತಿಮೀರಿದರೆ ಪರಾಗವೇ ಸತ್ತುಹೋಗುತ್ತದೆ. ಎಲೆಗೆ ಮಾತ್ರ ಏನೂ ಆಗಿರುವುದಿಲ್ಲ. ಮುಂದೆ ಒಂದೆರಡು ಮಳೆ ಬಿದ್ದರೆ ಗಿಡ ಹಸಿರಾಗಿಯೇ ಇರುತ್ತದೆ. ಜೊತೆಗೆ ಎಲೆ ದಟ್ಟವಾದ ಮೇಲೆ ಎನ್‌ಡಿವಿಐ ಮೇಲಕ್ಕೆ ಹೋಗುವುದೇ ಇಲ್ಲ, 0.8ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಚೆನ್ನಾಗಿರುವ ಹೊಲಕ್ಕೂ ತುಂಬಾ ಚೆನ್ನಾಗಿರುವ ಹೊಲಕ್ಕೂ ವ್ಯತ್ಯಾಸ ಸಿಗುವುದಿಲ್ಲ.

ಅವರ ಮಾತು ಕೇಳಿದ ಮೇಲೆ ಮಾಡೆಲ್‌ಗೆ ಏನೇನು ಕೊಡಬೇಕು ಅನ್ನುವುದು ಸ್ಪಷ್ಟವಾಯಿತು. ಮೊದಲನೆಯದು, ಕ್ಯಾಲೆಂಡರ್ ಬಿಡಬೇಕು. ಒಂದೇ ತಾರೀಖಿನಲ್ಲಿ ಒಂದು ಹೊಲ ಮೊಣಕಾಲೆತ್ತರ ಇರುತ್ತದೆ, ಇನ್ನೊಂದು ಹೂ ಬಿಟ್ಟಿರುತ್ತದೆ. ಎನ್‌ಡಿವಿಐ ಏರಲು ಶುರುವಾದ ದಿನದಿಂದ ಪ್ರತಿ ಹೊಲಕ್ಕೂ ಅದರದ್ದೇ ಶಾಖದ ಲೆಕ್ಕ ಇಟ್ಟೆವು. ದಿನದ ಗರಿಷ್ಠ, ಕನಿಷ್ಠ ತಾಪಮಾನದ ಸರಾಸರಿಯಿಂದ 10 ಕಳೆಯಬೇಕು. ಗರಿಷ್ಠ 32, ಕನಿಷ್ಠ 20 ಇದ್ದರೆ ಆ ದಿನದ ಜಮಾ 16. ಇದು ಕೂಡುತ್ತಾ ಹೋದಂತೆ ಬೆಳೆ ಯಾವ ಹಂತದಲ್ಲಿದೆ ಅಂತ ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಎರಡನೆಯದು, ಹೂ ಬಿಡುವ ಆ ಕಿಟಕಿಯಲ್ಲಿ ಮಳೆ ಎಷ್ಟು, ಬಿಸಿಲು ಎಷ್ಟು ಅನ್ನುವುದನ್ನು ಬೇರೆಯಾಗಿಯೇ ಕೊಟ್ಟೆವು. ಮಳೆಗೆ ಚಿರ್ಪ್ಸ್ ಡೇಟಾ, ತಾಪಮಾನಕ್ಕೆ ಇಆರ್‌ಎ5-ಲ್ಯಾಂಡ್. ಹಂಗಾಮಿನ ಒಟ್ಟು ಮಳೆಗಿಂತ ಈ ಕೆಲವು ದಿನಗಳ ಮಳೆಯೇ ಇಳುವರಿಯ ಬಗ್ಗೆ ಜಾಸ್ತಿ ಹೇಳಿತು. ಮೂರನೆಯದು, ಕೆಂಪು ಮತ್ತು ಇನ್‌ಫ್ರಾರೆಡ್ ನಡುವಿನ ಬೆಳಕಾದ ರೆಡ್ ಎಡ್ಜ್. 705 ನ್ಯಾನೋಮೀಟರ್ ಸುತ್ತಲಿನ ಬ್ಯಾಂಡ್ ಎನ್‌ಡಿವಿಐನಷ್ಟು ಬೇಗ ತುಂಬಿಹೋಗುವುದಿಲ್ಲ. ಪಿಕ್ಸೆಲ್ 20 ಮೀಟರ್ ಆಗುತ್ತದೆ, ಸಣ್ಣ ಹೊಲಕ್ಕೆ ಅದೇ ತೊಂದರೆ. ಆದರೂ ಬಿಡಲಿಲ್ಲ.

ಮಾಡೆಲ್ ಆಯ್ಕೆಗೆ ನಾವು ಹೆಚ್ಚು ಹೊತ್ತು ಖರ್ಚು ಮಾಡಲಿಲ್ಲ. ರ‍್ಯಾಂಡಮ್ ಫಾರೆಸ್ಟ್ ಮತ್ತು ಎಕ್ಸ್‌ಜಿಬೂಸ್ಟ್ ಎರಡನ್ನೂ ಓಡಿಸಿದೆವು. ಎರಡೂ ‘ಹೌದು-ಇಲ್ಲ’ ಪ್ರಶ್ನೆಗಳ ಕವಲಿನ ಮರಗಳನ್ನು ಸೇರಿಸಿ ಉತ್ತರ ಹೇಳುವ ಮಾಡೆಲ್‌ಗಳು. ರಾಶಿ ಉದಾಹರಣೆ ಬೇಡುವ ಡೀಪ್ ಲರ್ನಿಂಗ್ ಯಾಕೆ ಬೇಡ ಅಂತ ತುಂಬಾ ಜನ ಕೇಳುತ್ತಾರೆ. ಚಿತ್ರ ಎಷ್ಟು ಬೇಕಾದರೂ ಸಿಗುತ್ತದೆ, ತೂಕ ಸಿಗಬೇಕಲ್ಲ? ಪ್ರತಿ ತೂಕಕ್ಕೂ ಒಬ್ಬ ಮನುಷ್ಯ ಬಿಸಿಲಲ್ಲಿ ನಿಂತು ದಾರ ಕಟ್ಟಿರುತ್ತಾನೆ. ಇರುವ ತೂಕಗಳ ಸಂಖ್ಯೆಗೆ ಮರಗಳ ಮಾಡೆಲ್ ಸರಿಹೊಂದುತ್ತಿತ್ತು.

ನಮ್ಮ ತಂಡದಲ್ಲಿ ಚರ್ಚೆ ಬಿಸಿಯಾದದ್ದು ಪರೀಕ್ಷೆಯ ವಿಷಯಕ್ಕೆ. ಸಾಮಾನ್ಯವಾಗಿ ಡೇಟಾವನ್ನು ಕಲಸಿ, ಐದು ಪಾಲು ಮಾಡಿ, ನಾಲ್ಕರಲ್ಲಿ ಕಲಿಸಿ, ಒಂದರಲ್ಲಿ ಪರೀಕ್ಷೆ ಮಾಡುತ್ತಾರೆ. ಹಾಗೆ ಮಾಡಿದಾಗ ಅಂದಾಜನ್ನು ನಿಜವಾದ ತೂಕದ ಜೊತೆ ಹೋಲಿಸುವ ಗ್ರಾಫ್ ತುಂಬಾ ಸೊಗಸಾಗಿ ಬಂತು. ಚುಕ್ಕೆಗಳೆಲ್ಲ ಗೆರೆಗೆ ಅಂಟಿಕೊಂಡಂತಿದ್ದವು. ಆದರೆ ಇಲ್ಲಿ ಒಂದು ಮಸಲತ್ತು ಇದೆ. ಪಕ್ಕಪಕ್ಕದ ಹೊಲಗಳಿಗೆ ಮಣ್ಣು ಒಂದೇ, ಮಳೆ ಒಂದೇ. ಒಂದು ಕಲಿಕೆಗೆ ಹೋಗಿ ಇನ್ನೊಂದು ಪರೀಕ್ಷೆಗೆ ಬಂದರೆ ಮಾಡೆಲ್‌ಗೆ ಉತ್ತರ ಮೊದಲೇ ಅರ್ಧ ಗೊತ್ತಿರುತ್ತದೆ. ಬರುವ ವರ್ಷದ ಬೆಳೆ ಹೇಳಬೇಕಾದಾಗ ಈ ಸವಲತ್ತು ಎಲ್ಲಿರುತ್ತದೆ? ಆ ವರ್ಷದ ಒಂದು ಹೊಲದ ತೂಕವೂ ಕೈಯಲ್ಲಿ ಇರುವುದಿಲ್ಲ.

ಹಾಗಾಗಿ ಒಂದು ಇಡೀ ವರ್ಷವನ್ನು ಪಕ್ಕಕ್ಕಿಟ್ಟು ಉಳಿದ ವರ್ಷಗಳಲ್ಲಿ ಕಲಿಸಿದೆವು. ಆಮೇಲೆ ಆ ವರ್ಷವನ್ನು ಹೇಳಿಸಿದೆವು. ಹೀಗೆ ಸರದಿಯಂತೆ ಪ್ರತಿ ವರ್ಷಕ್ಕೂ. ಅಕ್ಷಾಂಶ ರೇಖಾಂಶಗಳನ್ನೂ ಕಿತ್ತುಹಾಕಿದೆವು, ಅವಿದ್ದರೆ ಮಾಡೆಲ್ ಜಾಗವನ್ನೇ ಬಾಯಿಪಾಠ ಮಾಡಿಕೊಳ್ಳುತ್ತದೆ. ಚುಕ್ಕೆಗಳು ಚದುರಿದವು. ವರದಿಯಲ್ಲಿ ಮೊದಲ ಗ್ರಾಫ್ ಹಾಕೋಣ, ಎಲ್ಲರೂ ಅದನ್ನೇ ಹಾಕುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. “ಈ ಅಂಕಿ ನಂಬಿ ಯಾರೋ ಪರಿಹಾರ ನಿಲ್ಲಿಸಿದರೆ ಆ ರೈತನಿಗೆ ನಾವು ಯಾವ ಗ್ರಾಫ್ ತೋರಿಸೋದು?” ಅಂತ ಕೇಳಿದೆ. ಕೊನೆಗೆ ಎರಡನೆಯದೇ ಹೋಯಿತು. ಅದರ ಪಕ್ಕದಲ್ಲಿ ಸುಮ್ನೆ ಹಿಂದಿನ ವರ್ಷಗಳ ಸರಾಸರಿಯನ್ನೇ ಅಂದಾಜು ಅಂತ ಹೇಳಿದ್ದರೆ ಎಷ್ಟು ತಪ್ಪಾಗುತ್ತಿತ್ತು ಅನ್ನುವುದನ್ನೂ ಹಾಕಿದೆವು. ಈ ಹೋಲಿಕೆ ಇಲ್ಲದ ವರದಿಯನ್ನು ನಾನು ನಂಬುವುದಿಲ್ಲ. ಮಳೆ ಸಾಧಾರಣವಾಗಿ ಬಂದ ವರ್ಷಗಳಲ್ಲಿ ನಮ್ಮ ಮಾಡೆಲ್ ಆ ಸರಾಸರಿಗಿಂತ ಅಂಥಾ ಮೇಲೇನೂ ಇರಲಿಲ್ಲ. ಮಳೆ ಏರುಪೇರಾದ ವರ್ಷಗಳಲ್ಲಿ ಗೆದ್ದಿತು.

ಗೆದ್ದಿತು ಅಂದರೂ ಪೂರ್ತಿ ಅಲ್ಲ. ಅತಿ ಕೆಟ್ಟ ವರ್ಷವನ್ನು ಪಕ್ಕಕ್ಕಿಟ್ಟು ಕಲಿಸಿದಾಗ ಮಾಡೆಲ್ ಅದನ್ನು ಕೆಟ್ಟದ್ದು ಅಂತ ಗುರುತಿಸಿತು, ಎಷ್ಟು ಕೆಟ್ಟದ್ದು ಅಂತ ಹೇಳಲಿಲ್ಲ. ಕಾರಣ ರ‍್ಯಾಂಡಮ್ ಫಾರೆಸ್ಟ್‌ನ ರಚನೆಯಲ್ಲೇ ಇದೆ. ಅದು ಕೊಡುವ ಉತ್ತರ ಕಲಿಕೆಯಲ್ಲಿ ಕಂಡ ತೂಕಗಳ ಸರಾಸರಿ. ಕಲಿಕೆಯಲ್ಲಿ ಅತಿ ಕಮ್ಮಿ ಇಳುವರಿ ಹೆಕ್ಟೇರಿಗೆ 1,200 ಕಿಲೋ ಇದ್ದರೆ, ಹೊಲ ಪೂರ್ತಿ ಒಣಗಿದ್ದರೂ ಅದು 1,200ಕ್ಕಿಂತ ಕೆಳಗೆ ಇಳಿಯಲಾರದು. ಯಾವ ವರ್ಷ ರೈತನಿಗೆ ಸರಿಯಾದ ಅಂಕಿ ಅತಿ ಮುಖ್ಯವೋ ಅದೇ ವರ್ಷ ಮಾಡೆಲ್ ಅವನ ನಷ್ಟವನ್ನು ಕಮ್ಮಿ ಮಾಡಿ ತೋರಿಸುತ್ತದೆ.

ಇದಕ್ಕೆ ನಾವು ಹಳೆಯ ದಾರಿಯೊಂದನ್ನು ಜೊತೆಗೆ ಇಟ್ಟುಕೊಂಡೆವು. 1970ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿ ಮೊಂಟೀತ್ ತೋರಿಸಿಕೊಟ್ಟ ಲೆಕ್ಕ: ಎಲೆ ಹಿಡಿದ ಬೆಳಕು ಎಷ್ಟು, ಆ ಬೆಳಕಿನಿಂದ ಗಿಡ ಎಷ್ಟು ತೂಕ ಕಟ್ಟುತ್ತದೆ, ಆ ತೂಕದಲ್ಲಿ ಕಾಳಿನ ಪಾಲು ಎಷ್ಟು. ನೀರಿನ ಕೊರತೆ ಬಂದರೆ ಈ ಲೆಕ್ಕ ಸೊನ್ನೆಯ ಹತ್ತಿರಕ್ಕೂ ಇಳಿಯಬಲ್ಲದು, ಕಲಿಕೆಯ ಗಡಿ ಇದಕ್ಕಿಲ್ಲ. ಈ ಲೆಕ್ಕದ ಉತ್ತರಕ್ಕೂ ನಿಜವಾದ ತೂಕಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಮಷೀನ್ ಲರ್ನಿಂಗ್‌ಗೆ ಕಲಿಸಿದೆವು. ಸಾಧಾರಣ ವರ್ಷಗಳಲ್ಲಿ ಹೆಚ್ಚಿನ ಲಾಭ ಆಗಲಿಲ್ಲ. ಕೆಟ್ಟ ವರ್ಷದ ಅಂದಾಜು ಮಾತ್ರ ನೆಲದ ತೂಕದ ಕಡೆಗೆ ಚೆನ್ನಾಗಿ ಸರಿಯಿತು. ನಮಗೆ ಬೇಕಾದದ್ದೂ ಅದೇ.

ಇನ್ನು ಯಾವ ಮಟ್ಟದಲ್ಲಿ ಅಂಕಿ ಕೊಡುವುದು? ಕೆಲಸ ಕೊಟ್ಟವರಿಗೆ ಒಂದೊಂದು ಹೊಲಕ್ಕೂ ಒಂದೊಂದು ಸಂಖ್ಯೆ ಬೇಕಿತ್ತು. ನಕ್ಷೆಯಲ್ಲಿ ಹೊಲದ ಮೇಲೆ ಒತ್ತಿದರೆ ಇಳುವರಿ ಬರಬೇಕು ಅಂತ ಆಸೆ. ತಾಂತ್ರಿಕವಾಗಿ ಅದನ್ನು ಮಾಡಬಹುದು, ಆದರೆ ಆ ಅಂಕಿಗೆ ಅಷ್ಟು ಬಲವಿಲ್ಲ ಎಂದು ಕೂತು ವಿವರಿಸಿದೆವು. ಅಕ್ಕಪಕ್ಕದ ಆ ಎರಡು ಹೊಲಗಳ ತೆನೆಯ ಫೋಟೋ ಮತ್ತು ಎನ್‌ಡಿವಿಐ ಗೆರೆಗಳನ್ನು ಮುಂದಿಟ್ಟೆವು. ಮಾತಿಗಿಂತ ಅದೇ ಹೆಚ್ಚು ಕೆಲಸ ಮಾಡಿತು. 25 ಹೊಲಗಳನ್ನು ಒಟ್ಟು ಮಾಡಿ ಸರಾಸರಿ ಹೇಳಿದರೆ ಒಂದೊಂದು ಹೊಲದ ಬಿಡಿ ತಪ್ಪುಗಳು ಒಂದಕ್ಕೊಂದು ವಜಾ ಆಗಿ ಐದನೇ ಒಂದು ಭಾಗಕ್ಕೆ ಇಳಿಯುತ್ತವೆ. ಆದರೆ ಇಡೀ ಪ್ರದೇಶಕ್ಕೆ ಮಳೆಯ ಅಂಕಿಯೇ ತಪ್ಪಾಗಿದ್ದರೆ ಆ ತಪ್ಪು ಎಲ್ಲಾ 25ರಲ್ಲೂ ಒಂದೇ ಕಡೆಗೆ ಇರುತ್ತದೆ, ಅದು ಇಳಿಯುವುದಿಲ್ಲ. ಇದನ್ನೂ ಹೇಳಿದೆವು.

ಕೊನೆಗೆ ಕೊಟ್ಟದ್ದು ಹೊಲಗಳ ಗುಂಪಿಗೊಂದು ಅಂದಾಜು, ಅದರ ಜೊತೆ ಕೆಳಗಿನ ಮಿತಿ ಮತ್ತು ಮೇಲಿನ ಮಿತಿ. ಮಿತಿ ಬಹಳ ಅಗಲವಾದ ಕಡೆ, ಇಲ್ಲಿ ಉಪಗ್ರಹದ ಅಂಕಿ ನಂಬಬೇಡಿ, ಹೋಗಿ ಕೊಯ್ದು ತೂಗಿ ಎಂದು ಸ್ಪಷ್ಟವಾಗಿ ಬರೆದೆವು. ಈ ಸಾಲಿಗೆ ಮೊದಲು ಆಕ್ಷೇಪಣೆ ಬಂತು. ಆಮೇಲೆ ಅವರು ತೂಗುವ ಜನರನ್ನು ಕಳಿಸಲು ಬಳಸಿದ್ದು ಅದೇ ಪಟ್ಟಿಯನ್ನು. ಎಲ್ಲಾ ಕಡೆ ಒಂದೇ ಸಮ ಹರಡುವ ಬದಲು ಅನುಮಾನ ಇರುವ ಕಡೆ ಜಾಸ್ತಿ ಚೌಕ ಬಿದ್ದವು.

ಹಳೆಯ ತೂಕಗಳನ್ನು ತಿರುಗಿ ನೋಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಬಹಳಷ್ಟು ವರ್ಷಗಳ ದಾಖಲೆಯಲ್ಲಿ ಸೊನ್ನೆ ಇಳುವರಿ ಅನ್ನುವುದೇ ಇರಲಿಲ್ಲ. ಒಣಗಿದ ಹೊಲವನ್ನು ರೈತ ಉತ್ತುಬಿಟ್ಟಿರುತ್ತಾನೆ, ಇಲ್ಲ ದನಕ್ಕೆ ಮೇಯಿಸಿರುತ್ತಾನೆ. ಕೊಯ್ಯಲು ಹೋದವರು ‘ಬೆಳೆ ಇಲ್ಲ’ ಅಂತ ಬರೆದು ಪಕ್ಕದ ಹೊಲಕ್ಕೆ ಹೋಗಿರುತ್ತಾರೆ. ಹೀಗಾಗಿ ಅತಿ ಹೆಚ್ಚು ನಷ್ಟವಾದ ಹೊಲಗಳು ಕಲಿಕೆಗೆ ಬಂದೇ ಇಲ್ಲ. ಬರುವ ಹಂಗಾಮಿಗೆ ಹೊಲಗಳ ಪಟ್ಟಿಯನ್ನು ಬಿತ್ತನೆಯ ಹೊತ್ತಿಗೇ ತಯಾರು ಮಾಡುತ್ತಿದ್ದೇವೆ. ಒಮ್ಮೆ ಪಟ್ಟಿಗೆ ಬಂದ ಹೊಲವನ್ನು ಬದಲಾಯಿಸುವಂತಿಲ್ಲ. ಅಲ್ಲಿ ಕೊಯ್ಯಲು ಏನೂ ಉಳಿದಿಲ್ಲ ಅಂದರೆ ಯಾವಾಗ ಒಣಗಿತು, ಯಾವಾಗ ಉತ್ತರು ಅಂತ ಯಜಮಾನರನ್ನು ಕೇಳಿ, ತೂಕದ ಜಾಗದಲ್ಲಿ ಸೊನ್ನೆ ಬರೆದು ತರಬೇಕು.